ಕಾಲು ನೋವಿರುವ ಟೇಲರ್‌ಗಾಗಿ ಮಯಾಮಿ ಮೊದಲ ಸುತ್ತಿನ ಆಯ್ಕೆ ಬಿಟ್ಟುಕೊಡಬೇಕಾ?

ಡಾಲ್ಫಿನ್_ಅಭಿಮಾನಿ | 22 ಆಗಸ್ಟ್ 2023

ನಿನ್ನೆಯಿಂದ ತಲೆಯಲ್ಲಿ ಇದೊಂದೇ ಸುತ್ತುತ್ತಿದೆ. ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನವರು ತಮ್ಮ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು) ಜೋನಾಥನ್ ಟೇಲರ್‌ಗೆ ಬೇರೆ ತಂಡ ನೋಡಿಕೊಳ್ಳಲು ಒಪ್ಪಿಗೆ ಕೊಟ್ಟಿದ್ದಾರೆ. ನಮ್ಮ ಮಯಾಮಿ ಡಾಲ್ಫಿನ್ಸ್ ಹೆಸರು ಎಲ್ಲರ ಬಾಯಲ್ಲಿದೆ. ಕೋಲ್ಟ್ಸ್ ಕೇಳುತ್ತಿರುವುದು ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆ, ಇಲ್ಲವೇ ಅದಕ್ಕೆ ಸಮ ಅನ್ನಿಸುವಂಥದ್ದು, ಎಂದು ಸುದ್ದಿ.

ನಾನು ಫ್ಲೋರಿಡಾಕ್ಕೆ ಬಂದು ಹನ್ನೊಂದು ವರ್ಷವಾಯಿತು. ಮೊದಲು ಈ ಆಟ ಅರ್ಥವಾಗುತ್ತಿರಲಿಲ್ಲ. ಈಗ ಭಾನುವಾರ ಬಂದರೆ ಮನೆಯಲ್ಲಿ ಬೇರೆ ಕೆಲಸ ಆಗುವುದಿಲ್ಲ. ಹೋದ ಜನವರಿ 15ರಂದು ಬಫಲೋದಲ್ಲಿ ನಡೆದ ಪ್ಲೇಆಫ್ ಪಂದ್ಯ ಇನ್ನೂ ಕಣ್ಣ ಮುಂದಿದೆ. ನಮ್ಮ ಮುಖ್ಯ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವನು) ಟೂವಾ ಇರಲಿಲ್ಲ, ಮೂರನೇ ಕ್ವಾರ್ಟರ್‌ಬ್ಯಾಕ್ ಸ್ಕೈಲರ್ ಥಾಂಪ್ಸನ್ ಆಡಿಸುತ್ತಿದ್ದ. ನಮ್ಮ ಓಟಗಾರ ರಹೀಮ್ ಮೋಸ್ಟರ್ಟ್ ಹೆಬ್ಬೆರಳು ಮುರಿದುಕೊಂಡು ಹೊರಗಿದ್ದ. ಆದರೂ ಸೋತದ್ದು 34–31ರಲ್ಲಷ್ಟೇ. ಕೊನೆಯಲ್ಲಿ ನಾಲ್ಕನೇ ಪ್ರಯತ್ನ (ಅದೇ ಕೊನೆಯ ಅವಕಾಶ), ಬೇಕಿದ್ದದ್ದು ಒಂದೇ ಗಜ. ಆಟ ಶುರು ಮಾಡುವುದರಲ್ಲಿ ತಡ ಮಾಡಿ ಐದು ಗಜ ದಂಡ ಕಟ್ಟಿದೆವು. ಒಂದು ಗಜ ಇದ್ದದ್ದು ಆರಾಯಿತು, ಎಸೆದ ಚೆಂಡು ಸಿಗಲಿಲ್ಲ, ಋತು ಮುಗಿಯಿತು. ಆ ಒಂದು ಗಜವನ್ನು ಕಣ್ಣು ಮುಚ್ಚಿ ನಂಬಿ ಕೊಡಬಹುದಾದ ಓಟಗಾರ ನಮ್ಮಲ್ಲಿ ಇರಲಿಲ್ಲ.

ಟೇಲರ್ ಅಂಥವನು. 2021ರಲ್ಲಿ 1811 ಗಜ, 18 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸುವುದು). ಎರಡನೇ ಸ್ಥಾನದ ನಿಕ್ ಚಬ್‌ಗೂ ಇವನಿಗೂ 500 ಗಜಕ್ಕಿಂತ ಜಾಸ್ತಿ ಅಂತರ. ವಯಸ್ಸು ಇನ್ನೂ 24. ಆದರೆ ಹೋದ ವರ್ಷ ಕಣಕಾಲು ಕೈಕೊಟ್ಟಿತು. 11 ಪಂದ್ಯ, 861 ಗಜ. ಈ ಜನವರಿಯಲ್ಲಿ ಶಸ್ತ್ರಚಿಕಿತ್ಸೆ. ಜುಲೈಯಲ್ಲಿ ಶಿಬಿರ ಶುರುವಾದಾಗಲಿಂದ ‘ಆಡುವ ಸ್ಥಿತಿಯಲ್ಲಿಲ್ಲ’ ಎಂಬ ಪಟ್ಟಿಯಲ್ಲೇ ಇದ್ದಾನೆ.

ನನ್ನ ಮನಸ್ಸು ಹೇಳುವುದು: ತರಬೇಕು. ನೀವೆಲ್ಲ ಏನಂತೀರಿ?

ಬನಶಂಕರಿ_ಹೊಸಬ | 22 ಆಗಸ್ಟ್

ಸರ್, ನಾನು ಈ ಆಟ ನೋಡಲು ಶುರು ಮಾಡಿ ಒಂದೇ ವರ್ಷ. ರಾತ್ರಿ ಎದ್ದು ನೋಡುತ್ತೇನೆ. ಎರಡು ಅನುಮಾನ. ರನ್ನಿಂಗ್ ಬ್ಯಾಕ್‌ಗೆ ಕಣಕಾಲು ಅಷ್ಟೊಂದು ಮುಖ್ಯವಾ? ಇನ್ನೊಂದು, ದುಡ್ಡು ಕೊಟ್ಟು ಕೊಳ್ಳಬಹುದಲ್ವಾ, ಈ ‘ಸುತ್ತು’ ಯಾಕೆ ಕೇಳುತ್ತಾರೆ?

ಡಾಲ್ಫಿನ್_ಅಭಿಮಾನಿ | 22 ಆಗಸ್ಟ್

ಒಳ್ಳೆಯ ಪ್ರಶ್ನೆ. ಕಬಡ್ಡಿ ರೈಡರ್‌ನ ನೆನಪಿಸಿಕೊಳ್ಳಿ. ಏಳು ಜನ ಎದುರಿಗೆ, ಜಾಗ ಇರುವುದು ಒಂದು ಗೇಣು. ಎಡಕ್ಕೆ ಹೋಗುವ ಹಾಗೆ ಮಾಡಿ ಬಲಕ್ಕೆ ಜಾರಬೇಕು. ರನ್ನಿಂಗ್ ಬ್ಯಾಕ್ ಮಾಡುವುದೂ ಅದೇ, ಆದರೆ ಎದುರಿಗೆ ಹನ್ನೊಂದು ಜನ, ಅದರಲ್ಲಿ ಕೆಲವರು 130 ಕಿಲೋ ತೂಗುವವರು. ಚೆಂಡು ಎದೆಗೆ ಅಪ್ಪಿಕೊಂಡು, ಸಂದಿ ಕಂಡ ತಕ್ಷಣ ಒಂದು ಕಾಲು ಊರಿ ತಿರುಗಬೇಕು. ಆ ಊರುವ ಕಾಲೇ ಅನ್ನ ಕೊಡುವುದು.

ಇನ್ನು ದುಡ್ಡಿನ ವಿಷಯ. ಯೂರೋಪಿನ ಫುಟ್‌ಬಾಲ್ ಹಾಗೆ ಇಲ್ಲಿ ತಂಡಗಳು ದುಡ್ಡು ಕೊಟ್ಟು ಆಟಗಾರನನ್ನು ಕೊಳ್ಳುವ ಪದ್ಧತಿ ಇಲ್ಲ. ಪ್ರತಿ ಏಪ್ರಿಲ್‌ನಲ್ಲಿ ಕಾಲೇಜು ಹುಡುಗರನ್ನು ಏಳು ಸುತ್ತುಗಳಲ್ಲಿ ಆರಿಸುತ್ತಾರೆ. ಆ ಆರಿಸುವ ಸರದಿಯೇ ಇಲ್ಲಿನ ನಾಣ್ಯ. ಮೊದಲ ಸುತ್ತಿನ ಸರದಿ ಕೊಟ್ಟರೆ ಅಷ್ಟು ಮಟ್ಟಿಗೆ ಮುಂದಿನ ವರ್ಷವನ್ನು ಅಡವಿಟ್ಟ ಹಾಗೆ.

ಲೆಕ್ಕದ_ಪುಸ್ತಕ | 22 ಆಗಸ್ಟ್

ನಾನು ಬೇಡ ಅನ್ನುತ್ತೇನೆ. ಟೇಲರ್ ಮೇಲೆ ಸಿಟ್ಟಿಲ್ಲ. ನಮ್ಮ ಗಂಟಿನಲ್ಲಿ ಏನಿದೆ ಅಂತ ಬಿಚ್ಚಿ ನೋಡಿ.

ಈ ವರ್ಷದ ಮೊದಲ ಸುತ್ತಿನ ನಮ್ಮ ಆಯ್ಕೆಯನ್ನು ಲೀಗ್ ಕಿತ್ತುಕೊಂಡಿತು. ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಮತ್ತು ಕೋಚ್ ಷಾನ್ ಪೇಟನ್ ಜೊತೆ ನಿಯಮ ಮೀರಿ ಮಾತಾಡಿದ್ದಕ್ಕೆ ಶಿಕ್ಷೆ. ಅದೇ ಶಿಕ್ಷೆಯಲ್ಲಿ 2024ರ ಮೂರನೇ ಸುತ್ತೂ ಹೋಯಿತು. ನಮ್ಮ ಕೈಯಲ್ಲಿದ್ದ ಇನ್ನೊಂದು ಮೊದಲ ಸುತ್ತಿನ ಆಯ್ಕೆ ರಕ್ಷಣಾ ಆಟಗಾರ ಬ್ರ್ಯಾಡ್ಲಿ ಚಬ್‌ಗಾಗಿ ಡೆನ್ವರ್‌ಗೆ ಹೋಯಿತು, ಜೊತೆಗೆ 2024ರ ನಾಲ್ಕನೇ ಸುತ್ತು. ಅದಕ್ಕೂ ಮುಂಚೆ ಚೆಂಡು ಹಿಡಿಯುವ ಆಟಗಾರ ಟೈರೀಕ್ ಹಿಲ್‌ಗಾಗಿ ಐದು ಆಯ್ಕೆ ಕೊಟ್ಟಿದ್ದೆವು. ಈ ಏಪ್ರಿಲ್‌ನಲ್ಲಿ ಇಡೀ ಡ್ರಾಫ್ಟ್‌ನಲ್ಲಿ ನಾವು ಆರಿಸಿದ್ದು ನಾಲ್ಕೇ ಹುಡುಗರನ್ನು. ಈಗ 2024ರ ಮೊದಲ ಸುತ್ತೂ ಕೊಟ್ಟರೆ ಮತ್ತೆ ಬರಿಗೈ.

ಎರಡನೆಯದು ಇನ್ನೂ ದೊಡ್ಡದು. ಟ್ರೇಡ್‌ನಲ್ಲಿ ಬೆಲೆ ಎರಡು ಸಲ ಕಟ್ಟಬೇಕು. ಒಮ್ಮೆ ಕೋಲ್ಟ್ಸ್‌ಗೆ, ಇನ್ನೊಮ್ಮೆ ಟೇಲರ್‌ಗೆ. ಅವನು ಹೊರಗೆ ಹೋಗಲು ಕೇಳುತ್ತಿರುವುದೇ ಹೊಸ ಒಪ್ಪಂದಕ್ಕಾಗಿ. ಈ ವರ್ಷ ಅವನಿಗೆ ಬರುವುದು ಸುಮಾರು 43 ಲಕ್ಷ ಡಾಲರ್. ರನ್ನಿಂಗ್ ಬ್ಯಾಕ್‌ಗಳಲ್ಲಿ ಮೇಲೆ ಇರುವ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿಯ ಒಪ್ಪಂದ ವರ್ಷಕ್ಕೆ 1.6 ಕೋಟಿ ಡಾಲರ್. ಟೇಲರ್ ಅದರ ಹತ್ತಿರ ಕೇಳುತ್ತಾನೆ, ಕೇಳಲೂಬೇಕು. ನಮ್ಮಲ್ಲಿ ಕ್ರಿಶ್ಚಿಯನ್ ವಿಲ್ಕಿನ್ಸ್ ಹೊಸ ಒಪ್ಪಂದಕ್ಕಾಗಿ ಕಾಯುತ್ತಿದ್ದಾನೆ. ಮುಂದಿನ ವರ್ಷ ಟೂವಾಗೆ 2.3 ಕೋಟಿ ಡಾಲರ್ ಖಚಿತವಾಗಿ ಕೊಡಬೇಕು. ಎಲ್ಲ ತಂಡಕ್ಕೂ ಖರ್ಚಿನ ಮಿತಿ ಒಂದೇ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು, ಅಲ್ವಾ?

ಮೈಕ್ ಮೆಕ್‌ಡ್ಯಾನಿಯಲ್ ನಮ್ಮ ಕೋಚ್. ಅವರು ಓಟದ ಪಾಠ ಕಲಿತದ್ದು ಸ್ಯಾನ್ ಫ್ರಾನ್ಸಿಸ್ಕೋದ ಕೋಚ್ ಕೈಲ್ ಶಾನಹನ್ ಜೊತೆ. ಅಲ್ಲಿ ಎಲೈಜಾ ಮಿಚೆಲ್ ಎಂಬ ಆರನೇ ಸುತ್ತಿನ ಹುಡುಗ ಮೊದಲ ವರ್ಷವೇ 963 ಗಜ ಓಡಿದ. ನಮ್ಮ ಮೋಸ್ಟರ್ಟ್‌ನನ್ನು ಡ್ರಾಫ್ಟ್‌ನಲ್ಲಿ ಯಾರೂ ಆರಿಸಿಯೇ ಇರಲಿಲ್ಲ. ದಾರಿ ಮಾಡಿಕೊಡುವವರು ಇದ್ದರೆ ಓಡುವವರು ಸಿಗುತ್ತಾರೆ.

ಡಾಲ್ಫಿನ್_ಅಭಿಮಾನಿ | 22 ಆಗಸ್ಟ್

ಅದೇ ಶಾನಹನ್ ಹೋದ ಅಕ್ಟೋಬರ್‌ನಲ್ಲಿ ಮೆಕ್‌ಕ್ಯಾಫ್ರಿಯನ್ನು ತಂದ. ಅದನ್ನು ಯಾಕೆ ಬಿಟ್ಟಿರಿ? ಮಿಚೆಲ್ ಮೊದಲ ವಾರವೇ ಮಂಡಿ ನೋವಿಂದ ಕೂತಿದ್ದ. ಮೆಕ್‌ಕ್ಯಾಫ್ರಿ 2020ರಲ್ಲಿ ಆಡಿದ್ದು 3 ಪಂದ್ಯ, 2021ರಲ್ಲಿ 7. ಕಣಕಾಲು, ಭುಜ, ತೊಡೆ, ಯಾವುದೂ ಬಿಟ್ಟಿರಲಿಲ್ಲ. ‘ಗಾಜಿನ ಗೊಂಬೆಗೆ ಯಾಕೆ ಇಷ್ಟು’ ಅಂತ ಆಗಲೂ ಕೇಳಿದವರಿದ್ದರು. ಸ್ಯಾನ್ ಫ್ರಾನ್ಸಿಸ್ಕೋದವರು ಎರಡು, ಮೂರು, ನಾಲ್ಕನೇ ಸುತ್ತು, ಮೇಲೆ ಮುಂದಿನ ವರ್ಷದ ಐದನೇ ಸುತ್ತು ಕೊಟ್ಟರು. ಹತ್ತೇ ದಿನದಲ್ಲಿ ರ‍್ಯಾಮ್ಸ್ ವಿರುದ್ಧ ಅವನು ಒಂದು ಟಚ್‌ಡೌನ್ ಎಸೆದ, ಒಂದು ಓಡಿದ, ಒಂದು ಹಿಡಿದ. ತಂಡ ಪ್ಲೇಆಫ್‌ನಲ್ಲಿ ಕೊನೆಯ ನಾಲ್ಕರವರೆಗೆ ಹೋಯಿತು.

ಲೆಕ್ಕದ_ಪುಸ್ತಕ | 22 ಆಗಸ್ಟ್

ಒಪ್ಪುತ್ತೇನೆ. ಆದರೆ ಮೆಕ್‌ಕ್ಯಾಫ್ರಿ ಟ್ರೇಡ್ ಆದಾಗ ಆ ಋತುವಿನ ಆರೂ ಪಂದ್ಯ ಆಡಿದ್ದ. ಅಂದರೆ ಗಾಯದ ಕಥೆ ಹಳೆಯದು, ಕಾಲು ಆಗ ಗಟ್ಟಿ. ಟೇಲರ್ ಇನ್ನೂ ಮೈದಾನಕ್ಕೇ ಇಳಿದಿಲ್ಲ. ಮತ್ತೆ ಅವರು ಮೊದಲ ಸುತ್ತು ಕೊಡಲಿಲ್ಲ ಅನ್ನುವುದನ್ನೂ ನೋಡಿ.

ಇಂಡಿ_ಕನ್ನಡಿಗ | 23 ಆಗಸ್ಟ್

ನಾನು ಆ ಕಡೆಯವನು. ಇಂಡಿಯಾನಾಪೊಲಿಸ್‌ನಲ್ಲಿ ಹದಿನಾರು ವರ್ಷದಿಂದ ಇದ್ದೇನೆ. ನಮ್ಮ ಮನೆಯಲ್ಲಿ ಟೇಲರ್‌ನ 28ನೇ ನಂಬರಿನ ಅಂಗಿ ಎರಡಿವೆ, ಒಂದು ನನ್ನದು, ಒಂದು ಮಗಳದು. ಈ ವಾರ ಮಗಳು ಅದನ್ನು ಹಾಕಿಕೊಳ್ಳಬೇಕಾ ಬೇಡವಾ ಅಂತ ಕೇಳಿದಳು. ಹಾಕಿಕೋ ಅಂದೆ.

ಹೊರಗಿನವರಿಗೆ ಇದು ಗಾಯದ ವಿಷಯ ಅನ್ನಿಸುತ್ತದೆ. ನಮಗೆ ಗೊತ್ತು, ಇದರಲ್ಲಿ ಅರ್ಧ ಮನಸ್ತಾಪ. ಜುಲೈಯಲ್ಲಿ ದೇಶದ ದೊಡ್ಡ ದೊಡ್ಡ ರನ್ನಿಂಗ್ ಬ್ಯಾಕ್‌ಗಳೇ ಬೀದಿಗೆ ಬಿದ್ದ ಹಾಗಾಯಿತು. ಸೇಕ್ವಾನ್ ಬಾರ್ಕ್ಲಿ, ಜಾಶ್ ಜೇಕಬ್ಸ್ ಇಬ್ಬರಿಗೂ ಉದ್ದದ ಒಪ್ಪಂದ ಸಿಗಲಿಲ್ಲ. ಒಂದು ವರ್ಷದ ಮಟ್ಟಿಗೆ 1.01 ಕೋಟಿ ಡಾಲರ್‌ನ ಟ್ಯಾಗ್ (ಬೇರೆ ತಂಡಕ್ಕೆ ಹೋಗದಂತೆ ಹಿಡಿದಿಡುವ ಒಪ್ಪಂದ) ಹಾಕಿ ಕೂರಿಸಿದರು. ಟೇಲರ್ ಇದನ್ನೆಲ್ಲ ನೋಡಿದ. ಇದು ಅವನ ಮೊದಲ ಒಪ್ಪಂದದ ಕೊನೆಯ ವರ್ಷ. ಈ ವರ್ಷ ಓಡಿ ಕಾಲು ಮುರಿದರೆ ಮುಂದೆ ಕೈಗೆ ಏನೂ ಸಿಗುವುದಿಲ್ಲ ಅಂತ ಅವನಿಗೆ ಅನ್ನಿಸಿದ್ದರಲ್ಲಿ ತಪ್ಪೇನಿದೆ? ನಮ್ಮ ಮಾಲೀಕ ಜಿಮ್ ಅರ್ಸೇ ಬಹಿರಂಗವಾಗಿ ಏಜೆಂಟರನ್ನು ಟೀಕಿಸಿದ. ಮೂರೇ ದಿನದಲ್ಲಿ ಟೇಲರ್ ಟ್ರೇಡ್ ಕೇಳಿದ ಸುದ್ದಿ ಬಂತು.

ಈ ವ್ಯಾಪಾರದಲ್ಲಿ ಮಾರುವವರ ಪಾಡು, ಕೊಳ್ಳುವವರ ಪಾಡು ಎರಡನ್ನೂ ಕಂಡ ತಂಡ ನಮ್ಮದು. 1999ರಲ್ಲಿ ಮಾರ್ಷಲ್ ಫಾಕ್ ಹೊಸ ಒಪ್ಪಂದ ಕೇಳಿದ. ಎರಡನೇ ಮತ್ತು ಐದನೇ ಸುತ್ತಿಗೆ ಅವನನ್ನು ಸೇಂಟ್ ಲೂಯಿಸ್‌ಗೆ ಕೊಟ್ಟುಬಿಟ್ಟೆವು. ಅದೇ ವರ್ಷ ಅವನು ಓಡಿ ಸಾವಿರ, ಚೆಂಡು ಹಿಡಿದು ಸಾವಿರ ಗಜ ದಾಟಿದ, ಅವರು ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದರು. ಆದರೆ ಅವನ ಜಾಗಕ್ಕೆ ನಾವು ಡ್ರಾಫ್ಟ್‌ನಲ್ಲಿ ತಂದ ಎಡ್ಜರಿನ್ ಜೇಮ್ಸ್ ಮೊದಲ ವರ್ಷವೇ ಇಡೀ ಲೀಗ್‌ನಲ್ಲಿ ಎಲ್ಲರಿಗಿಂತ ಜಾಸ್ತಿ ಓಡಿದ. ಇಬ್ಬರಿಗೂ ಒಳ್ಳೆಯದಾಯಿತು.

ಇನ್ನೊಂದು 2013ರದ್ದು. ಟ್ರೆಂಟ್ ರಿಚರ್ಡ್‌ಸನ್‌ಗಾಗಿ ಕ್ಲೀವ್‌ಲೆಂಡ್‌ಗೆ ಮೊದಲ ಸುತ್ತು ಕೊಟ್ಟೆವು. ಹಿಂದಿನ ವರ್ಷದ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಬಂದಿದ್ದ ಹುಡುಗ. ಸಂದಿ ಇದ್ದರೂ ಅವನಿಗೆ ಕಾಣುತ್ತಿರಲಿಲ್ಲ. ಎರಡೇ ಋತುವಿನಲ್ಲಿ ಎಲ್ಲ ಮುಗಿಯಿತು.

ಡಾಲ್ಫಿನ್ ಸರ್, ನಿಮಗೆ ನನ್ನ ಮಾತು ಇಷ್ಟೇ. ನಾವು ಮೊದಲ ಸುತ್ತು ಕೇಳುತ್ತಿರುವುದು ಮಾರಲು ಮನಸ್ಸಿಲ್ಲದ ಕಾರಣ. ಹೊಸ ಕೋಚ್ ಶೇನ್ ಸ್ಟೈಕನ್, ಹೊಸ ಕ್ವಾರ್ಟರ್‌ಬ್ಯಾಕ್ ಆಂಥೋನಿ ರಿಚರ್ಡ್‌ಸನ್. ಆ ಹುಡುಗನ ಪಕ್ಕದಲ್ಲಿ ಟೇಲರ್ ನಿಲ್ಲಬೇಕು ಅನ್ನುವುದು ನಮ್ಮ ಆಸೆ.

ಫಿಸಿಯೋ_ಮೈಸೂರು | 23 ಆಗಸ್ಟ್

ನಾನು ಆಟದ ಬಗ್ಗೆ ಜಾಸ್ತಿ ಹೇಳಲಾರೆ, ಕಾಲಿನ ಬಗ್ಗೆ ಹೇಳಬಲ್ಲೆ.

ಸಾಮಾನ್ಯವಾಗಿ ಕಾಲು ಉಳುಕಿದರೆ ಏಟು ಬೀಳುವುದು ಹೊರಗಿನ ಗಂಟಿನ ಕೆಳಗೆ. ಮನೆಯಲ್ಲಿ ಮೆಟ್ಟಿಲು ತಪ್ಪಿದಾಗ ಆಗುವುದು ಅದೇ. ಟೇಲರ್‌ಗೆ ಆಗಿದ್ದು ಹೈ ಆಂಕಲ್ ಸ್ಪ್ರೇನ್. ಮಂಡಿಯಿಂದ ಕೆಳಗೆ ಎರಡು ಮೂಳೆ ಜೊತೆಯಾಗಿ ಇಳಿಯುತ್ತವೆ. ಕಣಕಾಲಿನ ಸ್ವಲ್ಪ ಮೇಲೆ ಆ ಎರಡನ್ನೂ ಬಿಗಿಯಾಗಿ ಹಿಡಿದಿಡುವ ಲಿಗಮೆಂಟ್ ಇದೆ. ಪಾದ ನೆಲದಲ್ಲಿ ಊರಿದ್ದಾಗ ಮೈ ತಿರುಗಿದರೆ ಮೂಳೆಗಳು ಒಂದನ್ನೊಂದು ಬಿಟ್ಟು ಅಗಲಲು ನೋಡುತ್ತವೆ, ಲಿಗಮೆಂಟ್ ಜಗ್ಗುತ್ತದೆ. ಇದು ವಾಸಿಯಾಗಲು ಮಾಮೂಲಿ ಉಳುಕಿಗಿಂತ ತುಂಬಾ ಜಾಸ್ತಿ ದಿನ ಬೇಕು. ನೇರ ಓಡುವಾಗ ನೋವು ಇರದೇ ಇರಬಹುದು. ಊರಿ ತಿರುಗಿದಾಗ ಗೊತ್ತಾಗುತ್ತದೆ.

ಅವನಿಗೆ ಮೊದಲು ನೋವಾದದ್ದು ಹೋದ ಅಕ್ಟೋಬರ್‌ನಲ್ಲಿ. ಮತ್ತೆ ಆಡಿದ, ಮತ್ತೆ ಕೆರಳಿತು. ಡಿಸೆಂಬರ್ 17ರಂದು ಮಿನೆಸೋಟದಲ್ಲಿ ಶುರುವಿನಲ್ಲೇ ಹೊರಗೆ ಬಂದ. ನನ್ನನ್ನು ಕೇಳಿದರೆ ಚಿಂತೆ ಮಾಡಬೇಕಾದ್ದು ಶಸ್ತ್ರಚಿಕಿತ್ಸೆಯ ಬಗ್ಗೆ ಅಲ್ಲ. ಅದು ದೊಡ್ಡದಾಗಿ ಕೊಯ್ದದ್ದಲ್ಲ, ಸಣ್ಣ ತೂತಿನಿಂದ ಒಳಗೆ ನೋಡಿ ಸ್ವಚ್ಛ ಮಾಡುವಂಥದ್ದು. ಚಿಂತೆ ಇರುವುದು ಒಂದೇ ಜಾಗ ಮತ್ತೆ ಮತ್ತೆ ನೊಂದದ್ದರ ಬಗ್ಗೆ. ಆದರೆ 24 ವರ್ಷ, ಏಳು ತಿಂಗಳ ವಿಶ್ರಾಂತಿ. ಪೂರ್ತಿ ವಾಸಿಯಾಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಸ್ಕ್ಯಾನ್ ನೋಡದೆ ಇದಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ.

ಬನಶಂಕರಿ_ಹೊಸಬ | 23 ಆಗಸ್ಟ್

ನಮ್ಮ ಕಡೆಯೂ ಈ ವಾರ ಇದೇ ಚರ್ಚೆ! ಬುಮ್ರಾ ಬೆನ್ನಿನ ಶಸ್ತ್ರಚಿಕಿತ್ಸೆ ಮುಗಿಸಿ 18ರಂದು ಐರ್ಲೆಂಡ್‌ನಲ್ಲಿ ಬೌಲ್ ಮಾಡಿದ. ಮೊದಲ ಓವರ್‌ನಲ್ಲೇ ಎರಡು ವಿಕೆಟ್. ನಮ್ಮ ಪ್ರಸಿದ್ಧ್ ಕೃಷ್ಣನೂ ಬೆನ್ನು ನೋವಿನಿಂದ ಎದ್ದು ಅದೇ ಪಂದ್ಯದಲ್ಲಿ ಆಡಿದ. ಕೆ.ಎಲ್. ರಾಹುಲ್‌ನನ್ನು ಸಣ್ಣ ನೋವು ಇದ್ದರೂ ಏಷ್ಯಾ ಕಪ್‌ಗೆ ಆರಿಸಿದ್ದಾರೆ. ಕಾಯಬೇಕು ಅನ್ನುವವನು ನಾನು.

ಹುಬ್ಬಳ್ಳಿ_ಎಕ್ಸ್‌ಪ್ರೆಸ್ | 23 ಆಗಸ್ಟ್

ಅವರೆಲ್ಲ ನಮ್ಮವರೇ, ಕಾಯುವುದರಲ್ಲಿ ಕಳೆದುಕೊಳ್ಳುವುದು ಕಡಿಮೆ. ಬೇರೆಯವರನ್ನು ಬೆಲೆ ಕೊಟ್ಟು ತರುವುದು ಬೇರೆ ಮಾತು. ಐಪಿಎಲ್‌ನಲ್ಲಿ ಮುಂಬೈ ಇಂಡಿಯನ್ಸ್ 2022ರ ಹರಾಜಿನಲ್ಲಿ ಜೋಫ್ರಾ ಆರ್ಚರ್‌ಗೆ 8 ಕೋಟಿ ಕೊಟ್ಟಿತು. ಆ ವರ್ಷ ಆಡುವುದಿಲ್ಲ ಅಂತ ಗೊತ್ತಿದ್ದೇ ಕೊಟ್ಟರು. ಈ ವರ್ಷ ಬಂದ, ಐದು ಪಂದ್ಯ, ಎರಡು ವಿಕೆಟ್, ಮತ್ತೆ ನೋವು, ಮನೆಗೆ ಹೋದ. ಆರ್ಚರ್ ಕೆಟ್ಟ ಬೌಲರ್ ಅಂತ ಯಾರೂ ಹೇಳಲಾರರು. ಆದರೆ ಆ 8 ಕೋಟಿಗೆ ಇನ್ನಿಬ್ಬರು ಬೌಲರ್ ಬರುತ್ತಿದ್ದರು.

ನಮ್ಮ ಅಜ್ಜ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಿದ್ದ, ಸುಳಿ ನೋಡುತ್ತಿದ್ದ. ಕೊನೆಗೆ ಹಗ್ಗ ಹಿಡಿದು ನಾಲ್ಕು ಸುತ್ತು ನಡೆಸುತ್ತಿದ್ದ. ಕುಂಟಿದರೆ ಸುಮ್ನೆ ಹಗ್ಗ ವಾಪಸ್ ಕೊಟ್ಟು ಬರುತ್ತಿದ್ದ. ನಡೆಸಿ ನೋಡದೆ ಕೊಳ್ಳಬೇಡಿ.

ಮಂಡ್ಯ_ರೈಡರ್ | 24 ಆಗಸ್ಟ್

ಇಷ್ಟು ದಿನ ಓದುತ್ತಿದ್ದೆ, ಬರೆದಿರಲಿಲ್ಲ. ಎತ್ತಿನ ಮಾತು ಓದಿ ಬರೆಯಬೇಕು ಅನ್ನಿಸಿತು. ಹುಬ್ಬಳ್ಳಿ ಅಣ್ಣ, ನೀವು ಕೆಟ್ಟ ಮನಸ್ಸಿನಿಂದ ಹೇಳಿಲ್ಲ ಅಂತ ಗೊತ್ತು.

ನಾನು ಕಾಲೇಜಿಗೆ ಕಬಡ್ಡಿ ಆಡುತ್ತಿದ್ದೆ. ರೈಡರ್. ಎರಡನೇ ವರ್ಷ ಅಭ್ಯಾಸದಲ್ಲಿ ಒಬ್ಬ ಕಣಕಾಲು ಹಿಡಿದ, ನಾನು ತಿರುಗಿದೆ, ಒಳಗೆ ಏನೋ ಕಿತ್ತ ಹಾಗಾಯಿತು. ಊದಿಕೊಂಡು ಕಾಲು ಚಪ್ಪಲಿಗೆ ಹೋಗುತ್ತಿರಲಿಲ್ಲ. ಮೂರು ವಾರಕ್ಕೆ ಅಂತರ ಕಾಲೇಜು ಪಂದ್ಯ ಇತ್ತು. ನಮ್ಮ ತರಬೇತುದಾರರು ಬ್ಯಾಂಡೇಜ್ ಬಿಗಿದು, ಒಂದು ಇಂಜೆಕ್ಷನ್ ಕೊಡಿಸಿ ಇಳಿಸಿದರು. ನಾನೂ ಬೇಡ ಅನ್ನಲಿಲ್ಲ. ಹತ್ತೊಂಬತ್ತು ವರ್ಷ, ಊರಿನವರೆಲ್ಲ ನೋಡಲು ಬಂದಿದ್ದರು. ಸೆಮಿಫೈನಲ್ ಗೆದ್ದೆವು. ಫೈನಲ್ ನಾನು ಆಡಲಿಲ್ಲ, ಎದ್ದು ನಿಲ್ಲಲು ಆಗಲಿಲ್ಲ. ಆಮೇಲೆ ಯಾವತ್ತೂ ಮೊದಲಿನ ಹಾಗೆ ಎಡಗಾಲು ಊರಿ ತಿರುಗಲು ಬರಲಿಲ್ಲ. ಮುಂದಿನ ವರ್ಷ ನನ್ನ ಜಾಗಕ್ಕೆ ಬೇರೆ ಹುಡುಗ ಬಂದ. ಯಾರೂ ನನಗೆ ಏನೂ ಹೇಳಲಿಲ್ಲ. ಪಟ್ಟಿಯಲ್ಲಿ ಹೆಸರು ಇರಲಿಲ್ಲ, ಅಷ್ಟೇ.

ಅದಕ್ಕೇ ಟೇಲರ್ ‘ಪೂರ್ತಿ ವಾಸಿಯಾಗದೆ ಇಳಿಯುವುದಿಲ್ಲ’ ಅಂತ ಕೂತಿದ್ದರೆ ಕೂರಲಿ ಅನ್ನುತ್ತೇನೆ. ಅವನಿಗೆ ಕಾಲು ನಿಜವಾಗಿ ನೋಯುತ್ತಿದೆಯಾ, ಒಪ್ಪಂದಕ್ಕಾಗಿ ನೋಯುತ್ತಿದೆಯಾ ಅಂತ ಕೆಲವರು ಬೇರೆ ಕಡೆ ಬರೆಯುತ್ತಿದ್ದಾರೆ. ಎರಡೂ ಒಂದೇ ಕಾಲು. ಮುಂದಿನ ನಾಲ್ಕು ವರ್ಷದ ಅನ್ನ ಆ ಕಾಲಿನ ಮೇಲೆ ನಿಂತಿರುವಾಗ, ನೋವು ಬೇರೆ, ಭಯ ಬೇರೆ ಅಂತ ಬಿಡಿಸಿ ಹೇಳಲು ಆಗುವುದಿಲ್ಲ.

ಮಯಾಮಿ ತರುವುದಾದರೆ ತರಲಿ. ಆದರೆ ತಂದ ದಿನವೇ ಒಪ್ಪಂದ ಕೊಟ್ಟು, ಅಕ್ಟೋಬರ್‌ವರೆಗೆ ಕೂರಿಸಲು ತಯಾರಿರಬೇಕು.

ಹುಬ್ಬಳ್ಳಿ_ಎಕ್ಸ್‌ಪ್ರೆಸ್ | 24 ಆಗಸ್ಟ್

ಮಂಡ್ಯದ ತಮ್ಮ, ಎತ್ತಿನ ಮಾತು ವಾಪಸ್ ತಗೊಂಡೆ. ನಿಮ್ಮ ಕಾಲು ಈಗ ಹೇಗಿದೆ?

ಮಂಡ್ಯ_ರೈಡರ್ | 24 ಆಗಸ್ಟ್

ನಡೆಯಲು ತೊಂದರೆ ಇಲ್ಲ ಅಣ್ಣ. ಚಳಿಗಾಲದಲ್ಲಿ ಸ್ವಲ್ಪ.

ಟ್ಯಾಂಪಾ_ಅಕ್ಕ | 24 ಆಗಸ್ಟ್

ನಾನು 2001ರಿಂದ ಡಾಲ್ಫಿನ್ಸ್ ನೋಡುತ್ತಿದ್ದೇನೆ. ಮರುವರ್ಷ ರಿಕಿ ವಿಲಿಯಮ್ಸ್ ಬಂದ. ನ್ಯೂ ಆರ್ಲಿಯನ್ಸ್‌ಗೆ ಕೊನೆಗೆ ಎರಡು ಮೊದಲ ಸುತ್ತಿನ ಆಯ್ಕೆ ಹೋದವು. ಆ ವರ್ಷ 1853 ಗಜ, ಲೀಗ್‌ಗೇ ಮೊದಲಿಗ. ಏನು ಖುಷಿ ಪಟ್ಟಿದ್ದೆವು! ಆದರೆ ಎರಡು ವರ್ಷದಲ್ಲಿ ಅವನ ಕೈಗೆ 775 ಸಲ ಚೆಂಡು ಕೊಟ್ಟು ಓಡಿಸಿದರು. ಪ್ಲೇಆಫ್ ಒಂದು ಸಲವೂ ಸಿಗಲಿಲ್ಲ. 2004ರ ಜುಲೈಯಲ್ಲಿ ಅವನು ಆಟವೇ ಸಾಕು ಅಂದುಬಿಟ್ಟ.

ಅವನ ಮೇಲೆ ಆಗ ತುಂಬಾ ಸಿಟ್ಟು ಬಂದಿತ್ತು. ಈಗ ಇಲ್ಲ. ತಂದವರು ಬೆಲೆ ಜಾಸ್ತಿ ಕೊಟ್ಟೆವು ಅಂತ ಅವನನ್ನು ಜಾಸ್ತಿ ಓಡಿಸಿದರು. ನನಗೆ ಭಯ ಅದೇ. ಮೊದಲ ಸುತ್ತು ಕೊಟ್ಟು ತಂದರೆ ಟೇಲರ್‌ನನ್ನು ಕೂರಿಸಲು ಯಾರಿಗೆ ಮನಸ್ಸು ಬರುತ್ತದೆ? ಮೊದಲ ವಾರವೇ ‘ಎಲ್ಲಿ ಅವನು’ ಅಂತ ಜನ ಕೂಗುತ್ತಾರೆ. ವಿಸ್ಕಾನ್ಸಿನ್ ಕಾಲೇಜಿನಲ್ಲೇ ಮೂರು ವರ್ಷದಲ್ಲಿ 926 ಸಲ ಓಡಿದ್ದಾನೆ ಆ ಹುಡುಗ.

ಡಾಲ್ಫಿನ್_ಅಭಿಮಾನಿ | 25 ಆಗಸ್ಟ್

ಎಲ್ಲ ಓದಿದೆ. ನನ್ನ ನಿಲುವು ಸ್ವಲ್ಪ ಬದಲಾಗಿದೆ.

ಮೊದಲ ಸುತ್ತು ಬೇಡ. ಲೆಕ್ಕದವರು ಗೆದ್ದರು. ನಾನು ಕೊಡುವುದಾದರೆ 2024ರ ಎರಡನೇ ಸುತ್ತು, ಜೊತೆಗೆ 2025ರ ಒಂದು ಷರತ್ತಿನ ಆಯ್ಕೆ. ಅವನು ಇಷ್ಟು ಪಂದ್ಯ ಆಡಿದರೆ ಮೂರನೇ ಸುತ್ತು, ಆಡದಿದ್ದರೆ ಐದನೇ ಸುತ್ತು. ಇಂಥ ಷರತ್ತು ಈ ಲೀಗ್‌ನಲ್ಲಿ ಹೊಸದಲ್ಲ. ಗಾಯದ ಭಾರವನ್ನು ಎರಡೂ ತಂಡ ಹಂಚಿಕೊಂಡ ಹಾಗಾಗುತ್ತದೆ. ನಮ್ಮ ವೈದ್ಯರು ಪರೀಕ್ಷೆ ಮಾಡಿ ಒಪ್ಪದಿದ್ದರೆ ಟ್ರೇಡ್ ಬಿದ್ದುಹೋಗುತ್ತದೆ, ಅದೂ ನಿಯಮದಲ್ಲೇ ಇದೆ.

ಒಪ್ಪಂದದ ಮಾತು ಮಂಡ್ಯದವರು ಹೇಳಿದ ಹಾಗೆ. ಮೂರು ವರ್ಷ, ಮೊದಲ ಎರಡು ವರ್ಷದ ದುಡ್ಡು ಖಚಿತ. ಅವನನ್ನು ತಂದು, ಒಂದು ವರ್ಷ ಓಡಿಸಿ, ಟ್ಯಾಗ್ ಹಾಕಿ ಕೂರಿಸುವುದಾದರೆ ತರಲೇಬಾರದು. ಅದು ಅನ್ಯಾಯ.

ಈಗಿನ ಸ್ಥಿತಿಯೂ ನೋಡಿ. ಮೋಸ್ಟರ್ಟ್‌ಗೆ 31 ದಾಟಿತು. ಹೊಸ ಹುಡುಗ ಡೆವಾನ್ ಏಚನ್ ಅಭ್ಯಾಸ ಪಂದ್ಯದಲ್ಲಿ ಭುಜ ನೋಯಿಸಿಕೊಂಡಿದ್ದಾನೆ. ನಮ್ಮೂರಿನವನೇ ಆದ ಓಟಗಾರ ಡಾಲ್ವಿನ್ ಕುಕ್ ಜೆಟ್ಸ್‌ಗೆ ಹೋದ. ಅದಕ್ಕೇ ಪೂರ್ತಿ ಬೇಡ ಅನ್ನಲು ನನಗೆ ಮನಸ್ಸು ಬರುತ್ತಿಲ್ಲ.

ಇಂಡಿ_ಕನ್ನಡಿಗ | 25 ಆಗಸ್ಟ್

ಎರಡನೇ ಸುತ್ತಿಗೆ ನಮ್ಮ ಜನರಲ್ ಮ್ಯಾನೇಜರ್ ಕ್ರಿಸ್ ಬ್ಯಾಲರ್ಡ್ ಫೋನ್ ಇಟ್ಟುಬಿಡುತ್ತಾನೆ ಸರ್. ಆದರೆ ನೀವು ಹೇಳಿದ ಒಪ್ಪಂದ ಇದೆಯಲ್ಲ, ಅದನ್ನು ನಮ್ಮವರೇ ಕೊಟ್ಟಿದ್ದರೆ ಈ ಗಲಾಟೆಯೇ ಇರುತ್ತಿರಲಿಲ್ಲ.

ಇಂಡಿ_ಕನ್ನಡಿಗ | 29 ಆಗಸ್ಟ್

ಟ್ರೇಡ್ ಆಗಲಿಲ್ಲ. ಟೇಲರ್ ಅದೇ ಪಟ್ಟಿಯಲ್ಲಿ ಉಳಿದ. ನಿಯಮದ ಪ್ರಕಾರ ಕನಿಷ್ಠ ಮೊದಲ ನಾಲ್ಕು ಪಂದ್ಯ ಆಡುವಂತಿಲ್ಲ. ಇದು ಗೆಲುವೋ ಸೋಲೋ ನನಗೆ ಗೊತ್ತಾಗುತ್ತಿಲ್ಲ. ಮನೆಯಲ್ಲಿ ಒಬ್ಬರ ಜೊತೆ ಒಬ್ಬರು ಮಾತು ಬಿಟ್ಟು ಒಂದೇ ಸೂರಿನಡಿ ಇರುವ ಹಾಗೆ ಆಗಿದೆ.

ಫಿಸಿಯೋ_ಮೈಸೂರು | 30 ಆಗಸ್ಟ್

ಕಾಲಿಗೆ ಮಾತ್ರ ಒಳ್ಳೆಯದಾಯಿತು. ನಾಲ್ಕು ವಾರ ಹೆಚ್ಚಿಗೆ ಸಿಕ್ಕಿತು.

ಡಾಲ್ಫಿನ್_ಅಭಿಮಾನಿ | 25 ಸೆಪ್ಟೆಂಬರ್

ಗಂಟಲು ಕಟ್ಟಿದೆ, ಆದರೂ ಬರೆಯುತ್ತಿದ್ದೇನೆ. ನಿನ್ನೆ ಹಾರ್ಡ್ ರಾಕ್ ಕ್ರೀಡಾಂಗಣದಲ್ಲಿ ನಾನಿದ್ದೆ. ಡೆನ್ವರ್ ವಿರುದ್ಧ 70–20! 726 ಗಜ! 1966ರ ನಂತರ ಈ ಲೀಗ್‌ನಲ್ಲಿ ಯಾರೂ 70 ಮುಟ್ಟಿರಲಿಲ್ಲ. ಏಚನ್ ಒಬ್ಬನೇ 203 ಗಜ ಓಡಿದ, ನಾಲ್ಕು ಟಚ್‌ಡೌನ್. ಮೋಸ್ಟರ್ಟ್ ಇನ್ನು ನಾಲ್ಕು. ಏಚನ್ ಡ್ರಾಫ್ಟ್‌ನ ಮೂರನೇ ಸುತ್ತಿನಲ್ಲಿ 84ನೆಯವನಾಗಿ ಬಂದ ಹುಡುಗ. ಅವನು ಒಂದು ಹೆಜ್ಜೆ ಮುಂದೆ ಇಟ್ಟರೆ ಹಿಂದಿನವರು ಅಲ್ಲೇ ನಿಂತ ಹಾಗೆ ಕಾಣುತ್ತಿತ್ತು.

ಲೆಕ್ಕದವರೇ, ನಿಮಗೆ ಕೈ ಮುಗಿದೆ.

ಲೆಕ್ಕದ_ಪುಸ್ತಕ | 25 ಸೆಪ್ಟೆಂಬರ್

ಕೈ ಮುಗಿಯಬೇಡಿ ಸರ್, ಮೂರು ಪಂದ್ಯವಾಗಿದೆ ಅಷ್ಟೇ. ಹೋದ ಸೋಮವಾರ ಪಿಟ್ಸ್‌ಬರ್ಗ್‌ನಲ್ಲಿ ನಿಕ್ ಚಬ್‌ನ ಮಂಡಿ ಏನಾಯಿತು ನೋಡಿದಿರಲ್ಲ. ನೋಡಲು ಆಗದೆ ಟಿವಿ ಆರಿಸಿದೆ. ಅದಕ್ಕೂ ಮೊದಲು ಬಾಲ್ಟಿಮೋರ್‌ನ ಡಾಬಿನ್ಸ್‌ನ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಗಾಯವಿಲ್ಲದ ಓಟಗಾರ ಅಂತ ಯಾರೂ ಇಲ್ಲ. ಇವತ್ತು ಇಲ್ಲ, ಅಷ್ಟೇ.

ಇಂಡಿ_ಕನ್ನಡಿಗ | 8 ಅಕ್ಟೋಬರ್

ಒಪ್ಪಂದ ಆಯಿತು!! ಮೂರು ವರ್ಷ, 4.2 ಕೋಟಿ ಡಾಲರ್. ಅದರಲ್ಲಿ 2.65 ಕೋಟಿ ಖಚಿತ. ನಿನ್ನೆ ಸಹಿ, ಇವತ್ತು ಮೈದಾನ. ಆರೇ ಸಲ ಓಡಿಸಿದರು, 18 ಗಜ. ಅದೇ ಸರಿ. ಅವನ ಜಾಗದಲ್ಲಿ ನಿಂತಿದ್ದ ಝ್ಯಾಕ್ ಮಾಸ್ ಟೆನೆಸಿ ವಿರುದ್ಧ 165 ಗಜ ಓಡಿ ಪಂದ್ಯ ಗೆಲ್ಲಿಸಿದ. ಆದರೆ ನಮ್ಮ ಹುಡುಗ ರಿಚರ್ಡ್‌ಸನ್ ಭುಜ ನೋಯಿಸಿಕೊಂಡು ಹೊರಗೆ ಹೋದ. ಇಬ್ಬರೂ ಒಟ್ಟಿಗೆ ಮೈದಾನದಲ್ಲಿ ಇದ್ದದ್ದು ಎಷ್ಟು ಹೊತ್ತು ಅಂತ ಎಣಿಸಬಹುದು.

ಮಗಳು ಅಂಗಿ ಹಾಕಿಕೊಂಡೇ ಮಲಗಿದ್ದಾಳೆ.

ಮಂಡ್ಯ_ರೈಡರ್ | 9 ಅಕ್ಟೋಬರ್

ಇದನ್ನು ಓದಿ ತುಂಬಾ ಸಮಾಧಾನವಾಯಿತು ಸರ್. ಕಾಲಿಗೆ ಮುಂಚೆ ಕಾಗದ ಸಿಕ್ಕಿತು ಅವನಿಗೆ.

ಡಾಲ್ಫಿನ್_ಅಭಿಮಾನಿ | 12 ಅಕ್ಟೋಬರ್

ಏಚನ್‌ಗೆ ಮಂಡಿ ನೋವು. ಕನಿಷ್ಠ ನಾಲ್ಕು ಪಂದ್ಯ ಇಲ್ಲ. ಹೋದ ಭಾನುವಾರವಷ್ಟೇ 151 ಗಜ ಓಡಿದ್ದ. ಇನ್ನೇನೂ ಬರೆಯಲು ಮನಸ್ಸಿಲ್ಲ.

ಇಂಡಿ_ಕನ್ನಡಿಗ | 7 ಜನವರಿ 2024

ನಿನ್ನೆ ಹ್ಯೂಸ್ಟನ್ ವಿರುದ್ಧ ಕೊನೆಯ ಪಂದ್ಯ. ಗೆದ್ದರೆ ಪ್ಲೇಆಫ್, ಸೋತರೆ ಮನೆ. ಟೇಲರ್ 30 ಸಲ ಓಡಿದ, 188 ಗಜ. ಒಂದು 49 ಗಜದ ಟಚ್‌ಡೌನ್. ಅವನ ಕಾಲಿನ ಮೇಲೆ ಆಗಸ್ಟ್‌ನಲ್ಲಿ ನಾವಿಲ್ಲಿ ಎಷ್ಟು ಬರೆದಿದ್ದೆವು! ನಿನ್ನೆ ಅವನನ್ನು ನೋಡಿ ನಾನು ಅತ್ತೆ.

ಕೊನೆಗೆ ನಾಲ್ಕನೇ ಪ್ರಯತ್ನ. ಬೇಕಿದ್ದದ್ದು ಒಂದು ಗಜ. ಡಾಲ್ಫಿನ್ ಸರ್, ನಿಮ್ಮ ಮೊದಲ ಬರಹ ಆ ಕ್ಷಣ ನೆನಪಾಯಿತು. ನಿಮ್ಮಲ್ಲಿ ಇಲ್ಲದ ಮನುಷ್ಯ ನಮ್ಮಲ್ಲಿದ್ದ. ಆದರೆ ಆ ಆಟಕ್ಕೆ ಅವನು ಮೈದಾನದಲ್ಲೇ ಇರಲಿಲ್ಲ, ಗೆರೆಯ ಆಚೆ ನಿಂತಿದ್ದ. ಚೆಂಡನ್ನು ಟೈಲರ್ ಗುಡ್‌ಸನ್ ಕಡೆಗೆ ಎಸೆದರು. ಕೈಗೆ ಬಂದು ಬಿತ್ತು. 23–19. ಮುಗಿಯಿತು.

ಗುಡ್‌ಸನ್‌ನ ಯಾರೂ ಬೈಯಬೇಡಿ ದಯವಿಟ್ಟು. ಚಿಕ್ಕ ಹುಡುಗ.

ಡಾಲ್ಫಿನ್_ಅಭಿಮಾನಿ | 7 ಜನವರಿ

ನೋಡಿದೆ ಸರ್. ಟಿವಿ ಮುಂದೆ ಎದ್ದು ನಿಂತು ‘ಟೇಲರ್‌ಗೆ ಕೊಡಿ’ ಅಂತ ನಾನೂ ಕೂಗಿದೆ. ನನ್ನ ತಂಡವೇ ಅಲ್ಲ ಅದು.

ಡಾಲ್ಫಿನ್_ಅಭಿಮಾನಿ | 14 ಜನವರಿ

ನಮ್ಮದೂ ಮುಗಿಯಿತು. ಕಾನ್ಸಾಸ್ ಸಿಟಿಯಲ್ಲಿ 26–7. ಸೊನ್ನೆಗಿಂತ 20 ಡಿಗ್ರಿ ಕೆಳಗಿನ ಚಳಿ. ಫ್ಲೋರಿಡಾ ಬಿಸಿಲಲ್ಲಿ ಓಡಿದ ಕಾಲುಗಳು ಅಲ್ಲಿ ಓಡಲಿಲ್ಲ. ಮೋಸ್ಟರ್ಟ್ ಈ ವರ್ಷ 21 ಟಚ್‌ಡೌನ್ ಮಾಡಿದ. 31ನೇ ವಯಸ್ಸಿಗೆ, ಮೊದಲ ಸಲ ಸಾವಿರ ಗಜ. ಆದರೆ ಬಾಲ್ಟಿಮೋರ್ ಮತ್ತು ಬಫಲೋ ವಿರುದ್ಧದ ಕೊನೆಯ ಎರಡು ಪಂದ್ಯಕ್ಕೆ ಅವನೂ ಗಾಯದಿಂದ ಇರಲಿಲ್ಲ. ಎರಡೂ ಸೋತೆವು. ಅವೆರಡರಲ್ಲಿ ಒಂದು ಗೆದ್ದಿದ್ದರೂ ಮನೆಯಂಗಳದಲ್ಲಿ ಪ್ಲೇಆಫ್ ಆಡುತ್ತಿದ್ದೆವು. ಆ ಚಳಿಗೆ ಹೋಗುವ ಅಗತ್ಯವೇ ಇರುತ್ತಿರಲಿಲ್ಲ.

ಟೇಲರ್ ಇದ್ದಿದ್ದರೆ? ಗೊತ್ತಿಲ್ಲ. ಆಗಸ್ಟ್ 25ರಂದು ನಾನು ಬರೆದ ಬೆಲೆಗೆ ಸಿಕ್ಕಿದ್ದರೆ ಇವತ್ತೂ ತರುತ್ತಿದ್ದೆ. ಮೊದಲ ಸುತ್ತಿಗೆ ಇವತ್ತೂ ತರುತ್ತಿರಲಿಲ್ಲ. ಆ ಆಯ್ಕೆ ಇನ್ನೂ ನಮ್ಮ ಕೈಯಲ್ಲಿದೆ. ಏಪ್ರಿಲ್‌ನಲ್ಲಿ ಮೊದಲ ದಿನ ಮೂರು ವರ್ಷದ ಮೇಲೆ ನಮ್ಮ ಹೆಸರು ಕರೆಯುತ್ತಾರೆ.

ಟ್ಯಾಂಪಾ_ಅಕ್ಕ | 14 ಜನವರಿ

ದಾರಿ ಮಾಡಿಕೊಡುವ ಗಟ್ಟಿ ಲೈನ್‌ಮನ್ ಒಬ್ಬನನ್ನು ತರಲಿ. ಏಚನ್‌ನ ಕಾಲಿಗೆ ಅದೇ ಔಷಧಿ.